ಲೀಸ್ ಪಾಯೆಟ್ ಎಂದರೆ ಒಂದು ಭಾಷಣದ ಎಡವಟ್ಟು ಮಾತ್ರವೇ?

ಹೇಮಾವತಿ ತೀರ:

ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯ ಕ್ವಿಬೆಕ್‌ನ ಸ್ವಾತಂತ್ರ್ಯ ಚಳವಳಿಯ ಮಾತು ಬಂದಾಗಲೆಲ್ಲ ಟಿವಿಯಿಂದ ಬಂದು ಸಚಿವೆಯಾದ ಲೀಸ್ ಪಾಯೆಟ್ ಅವರ ಹೆಸರು ಒಂದೇ ಕಾರಣಕ್ಕೆ ಕೇಳಿಬರುತ್ತದೆ. 1980ರ ಮಾರ್ಚ್‌ನಲ್ಲಿ ಅವರು ಆಡಿದ ಒಂದು ಮಾತಿನಿಂದ ಸ್ವಾತಂತ್ರ್ಯದ ಕುರಿತ ಜನಮತಗಣನೆ ಕೈತಪ್ಪಿತಂತೆ, ಅಲ್ಲಿಗೆ ಕತೆ ಮುಗಿಯಿತಂತೆ. ಈ ಎರಡು ಸಾಲಿನ ತೀರ್ಪು ನನಗೆ ಒಪ್ಪಿಗೆಯಿಲ್ಲ. ನಾಲ್ಕೂವರೆ ವರ್ಷದಲ್ಲಿ ಆಕೆ ಮಾಡಿದ ಕೆಲಸವನ್ನು ನೋಡಿದರೆ, ಪರದೆಯಿಂದ ರಾಜಕೀಯಕ್ಕೆ ಬಂದವರಲ್ಲಿ ಅಷ್ಟು ಗಟ್ಟಿ ಕೆಲಸ ಬಿಟ್ಟುಹೋದವರು ಕಡಿಮೆ. ಅದನ್ನು ಚರ್ಚೆಗಿಡಲೆಂದೇ ಈ ಎಳೆ ಆರಂಭಿಸುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ: ಪಾಯೆಟ್ ಹುಟ್ಟಿದ್ದು 1931ರಲ್ಲಿ, ಬೆಳೆದದ್ದು ಮಾಂಟ್ರಿಯಲ್‌ನ ಸಾಂ-ಆಂರಿ ಎಂಬ ಕಾರ್ಮಿಕರ ಬಡಾವಣೆಯಲ್ಲಿ. 1954ರಲ್ಲಿ ತ್ರ್ವಾ-ರಿವಿಯೆರ್ ಊರಿನ ರೇಡಿಯೊ ಕೇಂದ್ರದಲ್ಲಿ ವೃತ್ತಿ ಶುರುವಾಯಿತು. 1965ರಿಂದ ಸಾರ್ವಜನಿಕ ಫ್ರೆಂಚ್ ಪ್ರಸಾರ ಸಂಸ್ಥೆ ರೇಡಿಯೊ-ಕೆನಡಾದಲ್ಲಿ ‘ಪ್ಲಾಸ್ ಓ ಫಾಮ್’ ಎಂಬ ಮಹಿಳೆಯರ ಕಾರ್ಯಕ್ರಮ ನಡೆಸಿದರು. ಅದರ ಹಿಂದಿನ ವರ್ಷದವರೆಗೂ ಕ್ವಿಬೆಕ್‌ನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಕರಾರುಪತ್ರಕ್ಕೆ ಸಹಿ ಹಾಕುವಂತಿರಲಿಲ್ಲ. 1964ರ ಕಾನೂನು ಅದನ್ನು ಬದಲಿಸಿತು. ಕಾಗದದ ಮೇಲೆ ಆಗಷ್ಟೇ ಹಕ್ಕು ಪಡೆದಿದ್ದ ಹೆಂಗಸರಿಗೆ ದಿನವೂ ತಮ್ಮ ಬದುಕಿನ ಬಗ್ಗೆ ತಾವೇ ಮಾತಾಡಿಕೊಳ್ಳುವ ಜಾಗ ಸಿಕ್ಕಿತು ಎಂದರೆ ಅದರ ತೂಕ ಎಷ್ಟೆಂದು ಊಹಿಸಿಕೊಳ್ಳಿ.

1972ರಿಂದ 1975ರವರೆಗೆ ದೂರದರ್ಶನದಲ್ಲಿ ‘ಅಪ್ಲೆ-ಮ್ವಾ ಲೀಸ್’ ನಡೆಯಿತು. ತಡರಾತ್ರಿಯ ಸಂದರ್ಶನ ಕಾರ್ಯಕ್ರಮ ಅದು. ‘ಕೆನಡಾದ ಅತಿ ಸುಂದರ ಗಂಡಸು’ ಎಂಬ ಸ್ಪರ್ಧೆಯನ್ನೂ ಅದರಲ್ಲಿ ನಡೆಸುತ್ತಿದ್ದರು. ಹೆಣ್ಣನ್ನು ಸಾಲಾಗಿ ನಿಲ್ಲಿಸಿ ಅಂದಕ್ಕೆ ಅಂಕ ಕೊಡುವ ಪದ್ಧತಿಯನ್ನು ಗಂಡಿನ ಕಡೆಗೆ ತಿರುಗಿಸಿದರೆ ಹೇಗಿರುತ್ತದೆ ಎಂದು ಪ್ರಾಂತ್ಯಕ್ಕೆಲ್ಲ ತೋರಿಸಿಕೊಟ್ಟರು. ಉಪದೇಶವೊಂದೂ ಇಲ್ಲದೆ ನಗಿಸುತ್ತಲೇ ಹೇಳಬೇಕಾದ್ದನ್ನು ಹೇಳುವ ಕಲೆ ಅವರಿಗೆ ಅಲ್ಲಿ ಕರಗತವಾಗಿತ್ತು.

1975ರಲ್ಲಿ ಪ್ರಾಂತ್ಯದ ನಾಡಹಬ್ಬವಾದ ಸಾಂ-ಜಾಂ ಹಬ್ಬದ ಸಮಿತಿಯ ಅಧ್ಯಕ್ಷರಾಗಿ ಮೌಂಟ್ ರಾಯಲ್ ಬೆಟ್ಟದ ಮೇಲೆ ದಿನಗಟ್ಟಲೆ ಸಂಭ್ರಮ ಏರ್ಪಡಿಸಿದರು. ಇಂದು ಕ್ವಿಬೆಕ್‌ನಲ್ಲಿ ಹುಟ್ಟುಹಬ್ಬಕ್ಕೂ ಹಾಡುವ, ರಾಷ್ಟ್ರಗೀತೆಯಂತೆಯೂ ಹಾಡುವ ‘ಜಾಂ ದ್ಯು ಪೆಯಿ’ ಗೀತೆಯನ್ನು ಜೀಲ್ ವಿನ್ಯೋ ಮೊದಲು ಹಾಡಿದ್ದು ಆ ಜೂನ್ 24ರಂದು ಅದೇ ಬೆಟ್ಟದ ಮೇಲೆ. ಮರುವರ್ಷ ನವೆಂಬರ್ 15ರಂದು ರೆನೆ ಲೆವೆಕ್ ಅವರ ಸ್ವಾತಂತ್ರ್ಯವಾದಿ ಪಕ್ಷ ಪಾರ್ಟಿ ಕ್ವಿಬೆಕ್ವಾ 110ರಲ್ಲಿ 71 ಸ್ಥಾನ ಗೆದ್ದು ಮೊದಲ ಬಾರಿಗೆ ಅಧಿಕಾರಕ್ಕೆ ಬಂದಾಗ ಪಾಯೆಟ್ ದೋರಿಯೋಂ ಕ್ಷೇತ್ರದಿಂದ ಗೆದ್ದಿದ್ದರು. ಇಡೀ ಸದನದಲ್ಲಿ ಹೆಂಗಸರು ಐದೇ ಜನ.

ಜನಪ್ರಿಯ ಮುಖ ಬಂದಿದೆ, ಒಂದು ಅಲಂಕಾರದ ಖಾತೆ ಕೊಟ್ಟು ಕೂರಿಸಬಹುದಿತ್ತು. ಆದರೆ ಸಿಕ್ಕಿದ್ದು ಗ್ರಾಹಕ ವ್ಯವಹಾರ, ಸಹಕಾರ ಮತ್ತು ಹಣಕಾಸು ಸಂಸ್ಥೆಗಳ ಖಾತೆ. ವಿಮಾ ಕಂಪನಿಗಳು ಆ ಖಾತೆಯ ಅಡಿಯಲ್ಲಿ ಬರುತ್ತಿದ್ದವು. ವಾಹನ ಅಪಘಾತದಲ್ಲಿ ಗಾಯಗೊಂಡವರು ಪರಿಹಾರ ಪಡೆಯಬೇಕಾದರೆ ತಪ್ಪು ಎದುರಾಳಿಯದೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು. ಸಾಬೀತಾಗದಿದ್ದರೆ ಬರಿಗೈ. ಪಾಯೆಟ್ ಈ ವ್ಯವಸ್ಥೆಯನ್ನೇ ಕಿತ್ತುಹಾಕಿದರು. ತಪ್ಪು ಯಾರದೇ ಇರಲಿ, ದೇಹಕ್ಕೆ ಆದ ಹಾನಿಗೆ ಸರ್ಕಾರಿ ವಿಮೆ ಪರಿಹಾರ ಕೊಡಬೇಕು. ವಾಹನದ ಜಖಂ ಮಾತ್ರ ಖಾಸಗಿ ಕಂಪನಿಗಳ ಪಾಲಿಗಿರಲಿ. ವಕೀಲರ ಸಂಘವೂ ವಿಮಾ ಕಂಪನಿಗಳೂ ಒಟ್ಟಾಗಿ ಎದುರು ನಿಂತವು. ‘ಟಿವಿಯವಳಿಗೆ ಇದೆಲ್ಲ ಏನು ಗೊತ್ತು’ ಎಂಬ ಧಾಟಿಯ ಟೀಕೆಗೇನೂ ಕೊರತೆ ಇರಲಿಲ್ಲ. ಆದರೂ 1978ರ ಮಾರ್ಚ್ 1ರಿಂದ ಕಾನೂನು ಜಾರಿಗೆ ಬಂತು, ಇಂದಿಗೂ ನಡೆಯುತ್ತಿದೆ.

ಅದೇ 1978ರಲ್ಲಿ ಗ್ರಾಹಕ ಸಂರಕ್ಷಣಾ ಕಾನೂನು ಬಂತು. 13 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತಿಗೆ ಅದು ನಿಷೇಧ ಹೇರಿತು. ಆಟಿಕೆ ಕಂಪನಿಯೊಂದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಜಾಹೀರಾತುಗಳನ್ನೂ ಬಿತ್ತರಿಸುವ ಮಾಧ್ಯಮದಲ್ಲಿ ಇಪ್ಪತ್ತು ವರ್ಷ ದುಡಿದವರು ಇಂಥ ಕಾನೂನು ತಂದರು ಎಂಬುದನ್ನು ಒಂದು ಕ್ಷಣ ನಿಂತು ಯೋಚಿಸಬೇಕು. ಕ್ಯಾಮೆರಾ ಮುಂದೆ ಕುಳಿತವರಿಗೆ ಅದರ ಬಲ ಚೆನ್ನಾಗಿಯೇ ಗೊತ್ತಿರುತ್ತದೆ.

1980ರ ಪ್ರಸಂಗಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಷ್ಟರ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ.

ಮಾಂಟ್ರಿಯಲ್ ಕನ್ನಡಿಗ:

ಈ ವಿಷಯ ಎತ್ತಿದ್ದಕ್ಕೆ ಧನ್ಯವಾದ. ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ಪಾಯೆಟ್ ಹೆಸರೇ ತಿಳಿದಿಲ್ಲ, ಆದರೆ ದಿನವೂ ಅವರ ಕೆಲಸದ ಫಲ ಉಣ್ಣುತ್ತಿದ್ದೇವೆ. ಚಾಲನಾ ಪರವಾನಗಿ ನವೀಕರಿಸಿದಾಗ, ವಾಹನ ನೋಂದಣಿ ಶುಲ್ಕ ಕಟ್ಟಿದಾಗ ಅದರಲ್ಲೇ ಆ ಸರ್ಕಾರಿ ವಿಮೆಯ ಪಾಲೂ ಸೇರಿರುತ್ತದೆ. ಗಾಯಗೊಂಡು ಕೆಲಸಕ್ಕೆ ಹೋಗಲಾಗದಿದ್ದರೆ ಒಂದು ಮಿತಿಯೊಳಗೆ ನಿವ್ವಳ ಆದಾಯದ 90 ಶೇಕಡಾ ಸಿಗುತ್ತದೆ. ಪಾದಚಾರಿಗೂ ಸಿಗುತ್ತದೆ, ಸೈಕಲ್ ಸವಾರನಿಗೆ ಕಾರು ಬಡಿದರೂ ಸಿಗುತ್ತದೆ.

ಅನೇಕರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಕ್ವಿಬೆಕ್ ನಿವಾಸಿ ಜಗತ್ತಿನ ಯಾವ ಮೂಲೆಯಲ್ಲಿ ವಾಹನ ಅಪಘಾತಕ್ಕೆ ಈಡಾದರೂ ಈ ವಿಮೆ ಅನ್ವಯಿಸುತ್ತದೆ. ರಜೆಗೆ ಊರಿಗೆ ಹೋದಾಗ ತುಮಕೂರು ರಸ್ತೆಯಲ್ಲಿ ಏನಾದರೂ ಆದರೆ ಅಲ್ಲಿಂದ ಬಂದು ಇಲ್ಲಿ ಅರ್ಜಿ ಹಾಕಬಹುದು. ಪರಿಚಿತರಿಗೆಲ್ಲ ನಾನು ಇದನ್ನು ಹೇಳುತ್ತಿರುತ್ತೇನೆ.

ಹಾಗೆಯೇ ಇಲ್ಲಿನ ಪ್ರತಿ ಕಾರಿನ ಹಿಂದಿನ ಫಲಕದ ಮೇಲೆ ‘ಜ ಮ ಸೂವಿಯ್ಯಾಂ’, ಅಂದರೆ ‘ನಾನು ನೆನಪಿಟ್ಟುಕೊಂಡಿದ್ದೇನೆ’ ಎಂದು ಬರೆದಿರುತ್ತದೆ. 1978ಕ್ಕೆ ಮೊದಲು ಅಲ್ಲಿ ‘ಸುಂದರ ಪ್ರಾಂತ್ಯ’ ಎಂದಿತ್ತು. ಪ್ರವಾಸಿಗರನ್ನು ಕರೆಯುವ ಸಾಲನ್ನು ತೆಗೆದು ತಮ್ಮ ಜನರಿಗೇ ಮಾತಾಡುವ ಸಾಲನ್ನು ಹಾಕಿಸಿದವರು ಪಾಯೆಟ್. ಹಳ್ಳಿಯ ಟ್ರ್ಯಾಕ್ಟರ್ ದಾರಿಯಿಂದ ಹೆದ್ದಾರಿಯವರೆಗೆ ಎಲ್ಲ ಕಡೆ ಆ ಸಾಲು ಓಡಾಡುತ್ತಿದೆ. ಜನರನ್ನು ತಲುಪುವುದು ಹೇಗೆಂದು ಬಲ್ಲವರಿಗೆ ಮಾತ್ರ ಇದು ಹೊಳೆಯುತ್ತದೆ.

ಮೈಸೂರಿನ ವಕೀಲ:

ವಿಮೆಯ ವಿಷಯದಲ್ಲಿ ನನ್ನದೂ ಎರಡು ಮಾತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ದಿನವೂ ನಿಲ್ಲುವವನು ನಾನು. ನಮ್ಮ ದೇಶದಲ್ಲಿ ‘ತಪ್ಪು ಯಾರದೇ ಇರಲಿ ಪರಿಹಾರ’ ಎಂಬ ತತ್ವ 1982ರ ತಿದ್ದುಪಡಿಯಲ್ಲಿ ಮೊದಲು ಬಂತು; ಆಗ ಸಾವಿಗೆ ₹15,000. 2019ರ ತಿದ್ದುಪಡಿಯ ನಂತರ ಅದು ₹5 ಲಕ್ಷ, ತೀವ್ರ ಗಾಯಕ್ಕೆ ₹2.5 ಲಕ್ಷ. ಅದಕ್ಕಿಂತ ಹೆಚ್ಚು ಬೇಕೆಂದರೆ ಎದುರಿನ ಚಾಲಕನ ನಿರ್ಲಕ್ಷ್ಯ ಸಾಬೀತು ಮಾಡುವ ಹಾದಿ ಹಿಡಿಯಬೇಕು. ಮಹಜರು, ಸಾಕ್ಷಿ, ವೈದ್ಯರ ಅಂಗವಿಕಲತೆ ಪ್ರಮಾಣಪತ್ರ, ವಾಯಿದೆ ಮೇಲೆ ವಾಯಿದೆ. ಕಾಲು ಕಳೆದುಕೊಂಡ ಗಾರೆ ಕೆಲಸದವನು ತನ್ನ ಆದಾಯಕ್ಕೆ ದಾಖಲೆ ಎಲ್ಲಿಂದ ತರಬೇಕು? ಪಾಯೆಟ್ ಅಳಿಸಿಹಾಕಿದ್ದು ಈ ಹಾದಿಯನ್ನೇ ಎಂದರೆ ಅವರ ಮೇಲೆ ಗೌರವ ಮೂಡದೆ ಇರುವುದಿಲ್ಲ.

ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕ್ವಿಬೆಕ್ ಕಾನೂನಿನಲ್ಲಿ ದೇಹಹಾನಿಗಾಗಿ ಸಿವಿಲ್ ದಾವೆ ಹೂಡುವ ಹಕ್ಕೇ ಹೋಯಿತು. ಕುಡಿದು ಓಡಿಸಿ ಇನ್ನೊಬ್ಬರ ಮಗುವನ್ನು ಕೊಂದವನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯುತ್ತದೆ, ನಿಜ. ಆದರೆ ಅವನಿಗೂ ಗಾಯವಾಗಿದ್ದರೆ ಅದೇ ನಿಧಿಯಿಂದ ಪರಿಹಾರ ಪಡೆಯುವ ಅವಕಾಶವಿದೆ. ನೊಂದ ಕುಟುಂಬ ಇದನ್ನು ಹೇಗೆ ನುಂಗಿಕೊಳ್ಳಬೇಕು? ಅಂದಿನ ವಕೀಲರ ವಿರೋಧವೆಲ್ಲ ಬರೀ ಶುಲ್ಕದ ಆಸೆಯಿಂದ ಹುಟ್ಟಿದ್ದು ಎಂದು ನಾನು ಒಪ್ಪಲಾರೆ.

ಹೇಮಾವತಿ ತೀರ:

ವಕೀಲರೇ, ನಿಮ್ಮ ಎರಡನೆಯ ಮಾತು ನ್ಯಾಯವಾದದ್ದು. ನೊಂದವರ ಸಿಟ್ಟಿಗೆ ಆ ಕಾನೂನಿನಲ್ಲಿ ಜಾಗವಿಲ್ಲ. ಆದರೂ ಸಾವಿರಾರು ಗಾಯಾಳುಗಳಿಗೆ ಮೊಕದ್ದಮೆಯಿಲ್ಲದೆ ಅನ್ನದ ದಾರಿಯಾಗುವುದು, ಕೆಲವು ಪ್ರಕರಣಗಳಲ್ಲಿ ತಪ್ಪಿತಸ್ಥನಿಗೂ ಅದು ಸಿಗುವುದು ಇವೆರಡನ್ನೂ ತೂಗಿದರೆ ನಾನು ಪಾಯೆಟ್ ಕಡೆಗೇ ನಿಲ್ಲುತ್ತೇನೆ.

ಪ್ರಾಥಮಿಕ ಶಾಲಾ ಶಿಕ್ಷಕಿ:

1980ರ ಆ ಮಾತಿನ, ಅಂದರೆ ‘ಈವೆಟ್’ ಪ್ರಸಂಗದ ಬಗ್ಗೆ ಯಾರಾದರೂ ಸರಿಯಾಗಿ ಬರೆಯುತ್ತೀರಾ? ಅದು ಶಾಲಾ ಪಠ್ಯಪುಸ್ತಕದ ಪಾಠವೊಂದರಿಂದ ಶುರುವಾದದ್ದು ಎಂದು ಓದಿದ್ದೇನೆ. ಇಪ್ಪತ್ತು ವರ್ಷದಿಂದ ಒಂದನೆಯ, ಎರಡನೆಯ ತರಗತಿಗೆ ಪಾಠ ಮಾಡುತ್ತಿರುವ ನನಗೆ ಇದರಲ್ಲಿ ಸಹಜವಾಗಿಯೇ ಆಸಕ್ತಿ. ನಮ್ಮ ಪಠ್ಯದ ಚಿತ್ರಗಳಲ್ಲೂ ತಂದೆ ಪತ್ರಿಕೆ ಹಿಡಿದಿರುತ್ತಾರೆ, ತಾಯಿ ಒಲೆಯ ಮುಂದೆ ಇರುತ್ತಾರೆ. ಈಚಿನ ಪುಸ್ತಕಗಳಲ್ಲಿ ಬದಲಾವಣೆ ಕಾಣುತ್ತಿದ್ದರೂ ಹಳೆಯ ಅಚ್ಚು ಪೂರ್ತಿ ಹೋಗಿಲ್ಲ. ಏಳು ವರ್ಷದ ಹುಡುಗಿ ಆ ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಾಳೆಂದು ತರಗತಿಯಲ್ಲಿ ನಿಂತವರಿಗೆ ಗೊತ್ತು.

ಹೇಮಾವತಿ ತೀರ:

ಬರೆಯುತ್ತೇನೆ ಮೇಡಂ. 1979ರಲ್ಲಿ ಪಾಯೆಟ್ ಮಹಿಳಾ ಸ್ಥಿತಿಗತಿಯ ಸಚಿವೆಯಾದರು. ಪಠ್ಯಪುಸ್ತಕಗಳಲ್ಲಿನ ಇಂಥ ಅಚ್ಚುಗಳನ್ನು ಒಡೆಯುವುದು ಅವರ ಮುಖ್ಯ ಕಾಳಜಿಗಳಲ್ಲಿ ಒಂದು. ಅವರು ಉದಾಹರಣೆಗೆ ಎತ್ತಿಕೊಂಡ ಪಾಠದಲ್ಲಿ ಗೀ ಎಂಬ ಹುಡುಗನಿದ್ದಾನೆ, ಅವನ ತಂಗಿ ಈವೆಟ್ ಇದ್ದಾಳೆ. ಗೀ ಆಟೋಟದಲ್ಲಿ ಮುಂದು, ಗೆಲ್ಲುವ ಕನಸು ಕಾಣುವವನು. ಈವೆಟ್ ನಗುಮುಖದವಳು, ಒಳ್ಳೆಯವಳು, ಅಪ್ಪ ಅಮ್ಮನನ್ನು ಮೆಚ್ಚಿಸಲು ಏನಾದರೂ ಕೆಲಸ ಹುಡುಕುತ್ತಲೇ ಇರುವವಳು.

ಜನಮತಗಣನೆಗೆ ದಿನ ಹತ್ತಿರವಾಗುತ್ತಿತ್ತು. 1980ರ ಮಾರ್ಚ್ 9ರಂದು ಮಾಂಟ್ರಿಯಲ್‌ನಲ್ಲಿ ಸ್ವಾತಂತ್ರ್ಯಪರ ಮಹಿಳೆಯರ ಸಭೆಯಲ್ಲಿ ಪಾಯೆಟ್ ಆ ಪಾಠವನ್ನು ಓದಿದರು. ನಾವೆಲ್ಲರೂ ಈವೆಟ್‌ಗಳಾಗಿಯೇ ಬೆಳೆದವರು, ಅದರಿಂದ ಹೊರಬರುವ ಧೈರ್ಯ ಮಾಡಬೇಕು ಎಂಬುದು ಭಾಷಣದ ತಿರುಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವಿರೋಧ ಪಕ್ಷದ ನಾಯಕ ಕ್ಲೋದ್ ರಯಾನ್ ಇಂಥ ಈವೆಟ್‌ಗಳನ್ನೇ ಬಯಸುವವರು, ಅವರು ಮದುವೆಯಾಗಿರುವುದೂ ಒಬ್ಬ ಈವೆಟ್‌ಳನ್ನೇ ಎಂಬರ್ಥದ ಮಾತು ಸೇರಿಸಿಬಿಟ್ಟರು. ರಯಾನ್ ಅವರ ಪತ್ನಿ ಮದ್ಲೆನ್ ರಯಾನ್ ಸಾರ್ವಜನಿಕ ಕೆಲಸಗಳಲ್ಲಿ ಹೆಸರಾಗಿದ್ದವರು, ಮನೆಯ ಮೂಲೆಯಲ್ಲಿ ಕುಳಿತವರಲ್ಲ. ಮಾರ್ಚ್ 11ರಂದು ‘ಲ ದವ್ವಾರ್’ ಪತ್ರಿಕೆಯಲ್ಲಿ ಲೀಸ್ ಬಿಸೊನೆಟ್ ಬರೆದ ಸಂಪಾದಕೀಯ ಇದನ್ನೇ ಹಿಡಿದು ಪಾಯೆಟ್ ಅವರನ್ನು ತರಾಟೆಗೆ ತೆಗೆದುಕೊಂಡಿತು. ಪಾಯೆಟ್ ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಮಾರ್ಚ್ 30ರಂದು ಕ್ವಿಬೆಕ್ ನಗರದ ಶಾತೊ ಫ್ರೋಂತೆನಾಕ್ ಹೋಟೆಲಿನಲ್ಲಿ ‘ನಾವೇ ಈವೆಟ್‌ಗಳು’ ಎಂದು ಹೆಮ್ಮೆಯಿಂದ ಹೇಳಿಕೊಂಡು ಸುಮಾರು 1,700 ಹೆಂಗಸರು ಸೇರಿದರು. ಏಪ್ರಿಲ್ 7ರಂದು ಮಾಂಟ್ರಿಯಲ್‌ನ ಫೋರಂ ಕ್ರೀಡಾಂಗಣದಲ್ಲಿ ಸುಮಾರು 15,000 ಮಂದಿ. ಅಲ್ಲಿ ವೇದಿಕೆಯ ಮೇಲಿದ್ದವರಲ್ಲಿ ತೆರೇಸ್ ಕಾಸ್‌ಗ್ರೆಂ ಒಬ್ಬರು. ಕ್ವಿಬೆಕ್‌ನ ಮಹಿಳೆಯರಿಗೆ 1940ರಲ್ಲಿ ಮತದಾನದ ಹಕ್ಕು ತಂದುಕೊಟ್ಟ ಹೋರಾಟದ ನಾಯಕಿ, ಆಗ 83 ವರ್ಷ. ಮಹಿಳಾ ಹಕ್ಕಿಗಾಗಿ ಜೀವ ತೇಯ್ದವರು ಇಬ್ಬರೂ ಎದುರುಬದುರಾಗಿ ನಿಂತರು. ಈ ಪ್ರಸಂಗದಲ್ಲಿ ನನಗೆ ಅತ್ಯಂತ ನೋವು ಕೊಡುವುದು ಇದೇ.

ಮೇ 20ರಂದು ಶೇ. 59.56 ಮಂದಿ ‘ಬೇಡ’ ಎಂದರು, ಶೇ. 40.44 ‘ಬೇಕು’ ಎಂದರು. ಅಂದು ರಾತ್ರಿ ಪೋಲ್ ಸೋವೆ ಕ್ರೀಡಾಂಗಣದ ವೇದಿಕೆಯಲ್ಲಿ ಲೆವೆಕ್ ಕಣ್ಣು ತುಂಬಿಕೊಂಡು ‘ಮುಂದಿನ ಸಲಕ್ಕೆ’ ಎಂದು ವಿದಾಯ ಹೇಳಿದಾಗ ಹಿಂದೆ ನಿಂತಿದ್ದವರು ಅವರ ಪತ್ನಿ ಮತ್ತು ಕಪ್ಪು ಉಡುಪಿನ ಪಾಯೆಟ್. ಮಂತ್ರಿಮಂಡಲದ ಉಳಿದ ಘಟಾನುಘಟಿಗಳು ಆ ಚಿತ್ರದಲ್ಲಿ ಕಾಣುವುದಿಲ್ಲ. ತನ್ನ ಮೇಲೆಯೇ ದೂರು ಬೀಳುತ್ತದೆಂದು ತಿಳಿದಿದ್ದೂ ಮರೆಯಾಗಿ ನಿಲ್ಲದೆ ವೇದಿಕೆ ಹತ್ತಿದರಲ್ಲ, ಅದಕ್ಕೆ ಎದೆಗಾರಿಕೆ ಬೇಕು.

ಸೋಲಿಗೆ ಈ ಭಾಷಣವೇ ಕಾರಣ ಎನ್ನುವವರು ಉಳಿದದ್ದನ್ನೆಲ್ಲ ಮರೆಯುತ್ತಾರೆ. ಫೆಬ್ರವರಿಯಲ್ಲಿ ಪಿಯೆರ್ ಟ್ರೂಡೊ ಕೇಂದ್ರದಲ್ಲಿ ಮತ್ತೆ ಅಧಿಕಾರಕ್ಕೆ ಬಂದಿದ್ದರು. ಸ್ವತಃ ಕ್ವಿಬೆಕ್‌ನವರು, ಮಾತಿನಲ್ಲಿ ಲೆವೆಕ್‌ಗೆ ಸರಿಸಮ. ಮೇ 14ರಂದು ಅವರು ಸಂವಿಧಾನವನ್ನು ನವೀಕರಿಸುವ ಭರವಸೆ ಕೊಟ್ಟರು. ಆರ್ಥಿಕ ಭಯವಿತ್ತು, ಪಿಂಚಣಿಯ ಚಿಂತೆಯಿತ್ತು. ಹತ್ತೊಂಬತ್ತು ಅಂಶಗಳ ಅಂತರವನ್ನು ಒಬ್ಬ ಹೆಂಗಸಿನ ಒಂದು ವಾಕ್ಯದ ತಲೆಗೆ ಕಟ್ಟುವುದು ಗಂಡಸರಿಗೆ ಅನುಕೂಲವಾಗಿತ್ತು, ಅಷ್ಟೇ.

ಆಕಾಶವಾಣಿ ಕೇಳುಗ:

ನಾನು ಇದಕ್ಕೆ ಪೂರ್ತಿ ತಲೆಯಾಡಿಸಲಾರೆ. ಒಂದೇ ಕಾರಣ ಅಲ್ಲ ಎಂಬುದು ಸರಿ. ಆದರೆ ಆ ಮಾರ್ಚ್‌ನಲ್ಲಿ ಶಾಸನಸಭೆಯಲ್ಲಿ ಜನಮತಗಣನೆಯ ಪ್ರಶ್ನೆಯ ಒಕ್ಕಣೆಯ ಬಗ್ಗೆ ನಡೆದ ಚರ್ಚೆ ಟಿವಿಯಲ್ಲಿ ಪ್ರಸಾರವಾಗುತ್ತಿತ್ತು, ಅದರಲ್ಲಿ ಲೆವೆಕ್ ಪಕ್ಷದ್ದೇ ಮೇಲುಗೈ. ಅಲ್ಲಿಯವರೆಗೆ ‘ಬೇಡ’ ಪಾಳಯಕ್ಕೆ ಬೀದಿಗಿಳಿಯಲು ಹುರುಪೇ ಇರಲಿಲ್ಲ. ಈವೆಟ್ ಪ್ರಸಂಗ ಅದನ್ನು ಕೊಟ್ಟಿತು. ಮತ ಎಷ್ಟು ಸರಿಯಿತೋ ಲೆಕ್ಕ ಹಾಕುವುದು ಕಷ್ಟ, ಕಾರ್ಯಕರ್ತರು ಮಾತ್ರ ಎದ್ದು ನಿಂತರು.

ಇನ್ನೊಂದು ಮಾತು. ಲೆವೆಕ್ ಕೂಡ ಪ್ರಸಾರಕರೇ. 1956ರಿಂದ ‘ಪ್ವಾಂ ದ ಮೀರ್’ ಕಾರ್ಯಕ್ರಮದಲ್ಲಿ ಕಪ್ಪು ಹಲಗೆ, ಭೂಪಟ ಇಟ್ಟುಕೊಂಡು ಜಗತ್ತಿನ ಸುದ್ದಿಯನ್ನು ಮನೆಮನೆಗೆ ಬಿಡಿಸಿ ಹೇಳಿದವರು. ರೇಡಿಯೊ-ಕೆನಡಾದ ನಿರ್ಮಾಪಕರ ಮುಷ್ಕರದ ನಂತರ 1960ರಲ್ಲಿ ರಾಜಕೀಯಕ್ಕೆ ಬಂದರು. ಎದುರು ಪಾಳಯದ ಜೀನ್ ಸೋವೆ ಕೂಡ ರೇಡಿಯೊ, ಟಿವಿಯಲ್ಲಿ ಹೆಸರು ಮಾಡಿದ್ದವರು, ಮುಂದೆ ಗವರ್ನರ್ ಜನರಲ್ ಆದರು. ಅಂದಿನ ಕ್ವಿಬೆಕ್‌ನಲ್ಲಿ ಪಾದ್ರಿಯ ಪ್ರವಚನ ಪೀಠ ಖಾಲಿಯಾಗುತ್ತಿತ್ತು, ಆ ಜಾಗಕ್ಕೆ ಮೈಕು ಬಂದಿತ್ತು. ಮೈಕಿನ ಮುಂದೆ ಬೆಳೆದವರಿಗೆ ಕೇಳುಗರ ನಗು ಎಲ್ಲಿ ಬರುತ್ತದೆಂದು ಗೊತ್ತಿರುತ್ತದೆ, ಆ ನಗುವಿಗಾಗಿ ಒಂದು ಮಾತು ಹೆಚ್ಚು ಆಡುವ ಸೆಳೆತವೂ ಇರುತ್ತದೆ. ಸ್ಟುಡಿಯೊದಲ್ಲಿ ಅದು ಚಪ್ಪಾಳೆ ತರುತ್ತದೆ. ಸಚಿವರ ಬಾಯಲ್ಲಿ ಬಂದರೆ ಮರುದಿನ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ.

ಟೊರೊಂಟೊದಿಂದ:

ಎಲ್ಲರೂ ಹೊಗಳುತ್ತಿದ್ದೀರಿ. ವಲಸಿಗಳಾಗಿ ನಾನು ಕೇಳುತ್ತೇನೆ: 1989ರ ‘ದಿಸ್ಪಾರೆತ್ರ್’ ಸಾಕ್ಷ್ಯಚಿತ್ರದ ಬಗ್ಗೆ ಯಾಕೆ ಯಾರೂ ಬಾಯಿ ಬಿಡುತ್ತಿಲ್ಲ? ಜನನ ಪ್ರಮಾಣ ಕುಸಿದು, ವಲಸೆ ಹೆಚ್ಚಿ ಉತ್ತರ ಅಮೆರಿಕದ ಫ್ರೆಂಚ್ ಜನಾಂಗ ಕಣ್ಮರೆಯಾಗುತ್ತದೆಯೇ ಎಂಬ ಪ್ರಶ್ನೆ ಇಟ್ಟುಕೊಂಡು ಪಾಯೆಟ್ ನಿರೂಪಿಸಿದ ಚಿತ್ರ ಅದು. ಹೊರಗಿನಿಂದ ಬಂದವರನ್ನು ಆತಂಕದ ಕಾರಣವಾಗಿ ಚಿತ್ರಿಸಿತು ಎಂದು ಅಂದೇ ದೊಡ್ಡ ವಿವಾದವಾಯಿತು. ಹೆಣ್ಣುಮಗುವಿನ ಮೇಲೆ ಪಠ್ಯದ ಚಿತ್ರ ಮಾಡುವ ಪರಿಣಾಮವನ್ನು ಅಷ್ಟು ಸೂಕ್ಷ್ಮವಾಗಿ ಕಂಡವರಿಗೆ ವಲಸಿಗರ ಮಗುವಿನ ಮೇಲೆ ಪರದೆಯ ಚಿತ್ರ ಮಾಡುವ ಪರಿಣಾಮ ಕಾಣದೆ ಹೋಯಿತೇ?

ಮಾಂಟ್ರಿಯಲ್ ಕನ್ನಡಿಗ:

ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಅಕ್ಕ. ಆ ಚಿತ್ರವನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಭಾಷೆಯ ಅಳಿವಿನ ಭಯ ಇಲ್ಲಿನವರಿಗೆ ನಿಜವಾದದ್ದೇ. ಖಂಡದ ತುಂಬ ಇಂಗ್ಲಿಷ್, ನಡುವೆ ಇವರು. ಆದರೆ ಆ ಭಯದ ಹೊಣೆಯನ್ನು ಹೊಸಬರ ಹೆಗಲಿಗೆ ದಾಟಿಸುವುದು ತಪ್ಪು. 1977ರ ಭಾಷಾ ಕಾನೂನಿನ ಪ್ರಕಾರ ನಮ್ಮ ಮಕ್ಕಳು ಫ್ರೆಂಚ್ ಶಾಲೆಗೇ ಹೋಗುತ್ತಾರೆ. ನನ್ನ ಮಗಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಫ್ರೆಂಚ್ ಮಾತಾಡುತ್ತಾಳೆ, ಹುಟ್ಟುಹಬ್ಬಕ್ಕೆ ವಿನ್ಯೋ ಹಾಡನ್ನು ಹಾಡಿಸಿಕೊಳ್ಳುತ್ತಾಳೆ. ಅವಳಿಂದ ಯಾವ ಜನಾಂಗವೂ ಕಣ್ಮರೆಯಾಗುವುದಿಲ್ಲ.

ಹೇಮಾವತಿ ತೀರ:

ಟೊರೊಂಟೊದವರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದನ್ನು ಬಿಟ್ಟು ಪಾಯೆಟ್ ಅವರ ಕತೆ ಹೇಳಿದರೆ ಅರ್ಧ ಹೇಳಿದಂತೆ.

ಪ್ರಾಥಮಿಕ ಶಾಲಾ ಶಿಕ್ಷಕಿ:

ಜನಮತಗಣನೆಯ ನಂತರ ಅವರು ಏನು ಮಾಡಿದರು? ಪಕ್ಷ ಅವರನ್ನು ಕೈಬಿಟ್ಟಿತೇ?

ಹೇಮಾವತಿ ತೀರ:

1981ರ ಏಪ್ರಿಲ್ ಚುನಾವಣೆಗೆ ಅವರು ನಿಲ್ಲಲಿಲ್ಲ. ಆ ಚುನಾವಣೆಯಲ್ಲಿ ಪಕ್ಷ 122ರಲ್ಲಿ 80 ಸ್ಥಾನ ಗೆದ್ದು ಮತ್ತೆ ಅಧಿಕಾರ ಹಿಡಿಯಿತು. ಈವೆಟ್ ಭಾಷಣದಿಂದ ಪಕ್ಷ ಮುಳುಗಿಯೇಹೋಯಿತು ಎನ್ನುವವರು ಈ ಅಂಕಿಯನ್ನು ನೋಡಲಿ. ಮರುವರ್ಷ ಅಧಿಕಾರದೊಳಗಿನ ಅನುಭವಗಳ ಪುಸ್ತಕ ಬರೆದರು. ಮಂತ್ರಿಯಾದವರ ಕೈಗೆ ನಿಜವಾದ ಅಧಿಕಾರ ಎಷ್ಟು ಬರುತ್ತದೆಂಬ ಪ್ರಶ್ನೆಯೇ ಅದರ ಶೀರ್ಷಿಕೆಯಲ್ಲಿದೆ. ಆಮೇಲೆ ಟಿವಿಗೆ ಮರಳಿ ಧಾರಾವಾಹಿಗಳನ್ನು ಬರೆದರು. ‘ಲಾ ಬೊನ್ ಅವಾಂತ್ಯೂರ್’ 1982ರಿಂದ, ‘ದೆ ದಾಮ್ ದ ಕರ್’ 1986ರಿಂದ. ಎರಡರಲ್ಲೂ ಹೆಂಗಸರ ಬದುಕೇ ನಡುಮನೆ. 2007ರಿಂದ ಒಂಬತ್ತು ವರ್ಷ ಅಂಕಣ ಬರೆದರು, ಅದೂ ತಮ್ಮನ್ನು ತರಾಟೆಗೆ ತೆಗೆದುಕೊಂಡಿದ್ದ ‘ಲ ದವ್ವಾರ್’ನಲ್ಲೇ. 2018ರ ಸೆಪ್ಟೆಂಬರ್ 5ರಂದು 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮೈಸೂರಿನ ವಕೀಲ:

ಹಾಗಾದರೆ ಅವರ ನಂತರ ಆ ಹಾದಿಯಲ್ಲಿ ಬಂದವರು ಯಾರೂ ಇಲ್ಲವೇ?

ಹೇಮಾವತಿ ತೀರ:

ಇದ್ದಾರೆ ಸರ್. 1979ರಲ್ಲಿ ಪಾಯೆಟ್ ತಮ್ಮ ಸಚಿವ ಕಚೇರಿಯ ಮುಖ್ಯಸ್ಥೆಯನ್ನಾಗಿ ಆರಿಸಿಕೊಂಡದ್ದು ಮೂವತ್ತರ ಪ್ರಾಯದ ಪೊಲೀನ್ ಮರ್ವಾ ಎಂಬವರನ್ನು. ಮರ್ವಾ 1981ರ ಚುನಾವಣೆಯಲ್ಲಿ ತುಂಬು ಗರ್ಭಿಣಿಯಾಗಿಯೇ ಪ್ರಚಾರ ಮಾಡಿ ಗೆದ್ದರು. 2012ರ ಸೆಪ್ಟೆಂಬರ್‌ನಲ್ಲಿ ಕ್ವಿಬೆಕ್‌ನ ಮೊದಲ ಮಹಿಳಾ ಪ್ರೀಮಿಯರ್, ಅಂದರೆ ಪ್ರಾಂತ್ಯ ಸರ್ಕಾರದ ಮುಖ್ಯಸ್ಥೆಯಾದರು. ಮರ್ವಾ ಅವರ ಬಗ್ಗೆ ಬೇರೆಯದೇ ಎಳೆ ಬೇಕು. 2013ರಲ್ಲಿ ಅವರ ಸರ್ಕಾರ ತರಲು ಹೊರಟ ‘ಮೌಲ್ಯಗಳ ಸನದು’ ಸರ್ಕಾರಿ ನೌಕರರು ಪೇಟ, ಹಿಜಾಬ್ ಧರಿಸುವುದನ್ನು ತಡೆಯಲು ನೋಡಿತ್ತು, ಅದು ಟೊರೊಂಟೊದವರು ಎತ್ತಿದ ಪ್ರಶ್ನೆಗೇ ಹೋಗಿ ಸೇರುತ್ತದೆ. ಮಾಂಟ್ರಿಯಲ್‌ನವರು ಅದನ್ನು ಹತ್ತಿರದಿಂದ ಕಂಡವರು. ಅವರು ಆರಂಭಿಸಿದರೆ ನಾನು ಬಂದು ಸೇರಿಕೊಳ್ಳುತ್ತೇನೆ.